ಯಾರೂ ಬಂದಿಲ್ಲ

ಏಳನೆಯ ಮನೆಯಾಕೆಯೂ ಅದೇ ಮಾತು ಹೇಳಿದಾಗ, ಕೂಸುಗಳ ಜ್ವರ ಎಲ್ಲಿಂದ ಬಂತೆಂದು ಮನೆಮನೆ ವಿಚಾರಿಸುತ್ತಿದ್ದ ನರ್ಸಮ್ಮನ ಪೆನ್ನು ನಿಂತೇಹೋಯಿತು. "ಮಗೂಗೆ ಜ್ವರ ಬರೋ ಮುಂಚೆ ಮನೆಗೆ ಯಾರೂ ಬಂದಿಲ್ಲ ಸಿಸ್ಟರ್. ತೂಕ ನೋಡೋಕೆ ನೀವು ಬಂದಿದ್ರಲ್ಲ, ಅಷ್ಟೇ."

ಹಿಂದಿನ ಆರು ಮನೆಗಳಲ್ಲೂ ಈ ಮಾತಿಗೆ ನಕ್ಕು, 'ಯಾರೂ ಇಲ್ಲ' ಎಂದೇ ಬರೆದಿದ್ದಳು. ಕೇಳುವವಳನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಈಗ ಹಾಳೆಗಳನ್ನು ತಿರುವಿದಳು. ಜ್ವರ ಬಂದ ಮನೆಗಳ ಸಾಲು ಕಳೆದ ವಾರ ಅವಳು ತಕ್ಕಡಿ ಹೊತ್ತು ನಡೆದ ದಾರಿಯೇ ಆಗಿತ್ತು. ಎಲ್ಲ ಕೂಸುಗಳನ್ನೂ ಒಂದೇ ಬಟ್ಟೆಯ ಜೋಳಿಗೆಯಲ್ಲಿ ತೂಗಿದ್ದಳು.

"ನಮ್ಮಕ್ಕ ಊರಿಂದ ಬಂದಿದಾಳೆ, ಅವಳ ಕೂಸನ್ನೂ ತೂಗಿಬಿಡಿ," ಎನ್ನುತ್ತ ಆಕೆ ಅಕ್ಕನ ಕೂಸನ್ನೆತ್ತಿಕೊಂಡು ತೀರ ಹತ್ತಿರ ಬಂದಿದ್ದಳು.

"ಬೇಡ! ದೂರ ಹೋಗಿ!" ನರ್ಸಮ್ಮ ಕಿರುಚಿದಳು.

ಹೆಗಲ ಚೀಲದಿಂದ ಜೋತುಬಿದ್ದಿದ್ದ ಜೋಳಿಗೆಯ ಅಂಚನ್ನು ಕೂಸು ಆಗಲೇ ಬಾಯಿಗಿಟ್ಟು ಚೀಪುತ್ತಿತ್ತು.