ಧನಿಷ್ಠಾ ಪಂಚಕ

ಅಲಮೇಲಮ್ಮನವರು ಎರಡು ದಿನಗಳಿಂದ ಮಾತಾಡಿರಲಿಲ್ಲ. ಕಣ್ಣು ಮುಚ್ಚಿ ಮಲಗಿದ್ದ ತಾಯಿಗೆ ಕಿವಿಯೂ ಕೇಳಿಸುವುದಿಲ್ಲವೆಂದು ತೀರ್ಮಾನಿಸಿದ್ದ ಮಕ್ಕಳಿಬ್ಬರೂ ಮಂಚದ ಪಕ್ಕದಲ್ಲೇ ಜೋಯಿಸರನ್ನು ಕೂರಿಸಿಕೊಂಡಿದ್ದರು.

ಜೋಯಿಸರು ಪಂಚಾಂಗ ತಿರುವಿದರು. "ಮಧ್ಯಾಹ್ನ ಮೂರು ಗಂಟೆಯೊಳಗೆ ಹೋದ್ರೆ ತೊಂದರೆ ಇಲ್ಲ. ಆಮೇಲೆ ಐದು ದಿನ ಧನಿಷ್ಠಾ ಪಂಚಕ. ಆ ಹೊತ್ತಲ್ಲಿ ಸಾವಾದ ಮನೆಗೆ ಆರು ತಿಂಗಳು ಬೀಗ ಹಾಕ್ಬೇಕು. ಹಾಕದಿದ್ರೆ ಅದೇ ಮನೇಲಿ ಇನ್ನೊಂದು ಹೆಣ ಬೀಳತ್ತೆ."

"ಆರು ತಿಂಗಳು ನಾವು ಬೀದೀಲಿರೋದಾ?" ದೊಡ್ಡ ಮಗ ನರಹರಿ ಸಿಡುಕಿದ. "ಬದುಕಿದಷ್ಟು ದಿನ ಕಾಟ ಕೊಟ್ಟಿದ್ದು ಸಾಲದು ಅಂತ ಈಗ ಇದೊಂದು."

"ಕಾರ್ ಶೆಡ್ಡಲ್ಲಿ ಮಲಗಿಸಿದ್ರೆ?" ಎಂದ ಕಿರಿಯ ಮಗ ಮುಕುಂದ. "ಶೆಡ್ಡು ಮನೆ ಅಂತ ಆಗಲ್ಲ ಅಲ್ವಾ, ಜೋಯಿಸರೇ?"

ಜೋಯಿಸರು ಸ್ವಲ್ಪ ಯೋಚಿಸಿ, "ಆಗಲ್ಲ," ಎಂದರು.

ಕಾರು ಹೊರಗೆ ತೆಗೆದು ಶೆಡ್ಡು ಗುಡಿಸಲು ಅಣ್ಣತಮ್ಮಂದಿರು ಎದ್ದರು. ಜೋಯಿಸರೂ ಅವರ ಹಿಂದೆಯೇ ಅಂಗಳಕ್ಕಿಳಿದರು. ಒಳಗೆ ಉಳಿದ ನರಹರಿಯ ಹೆಂಡತಿ ವಸುಧಾ ಹತ್ತಿಯನ್ನು ನೀರಿನಲ್ಲಿ ಅದ್ದಿ ಅತ್ತೆಯ ತುಟಿಗೆ ಹಚ್ಚಿದಳು. ಅಲಮೇಲಮ್ಮ ಕಣ್ಣು ಬಿಟ್ಟರು.

"ಗಂಟೆ ಎಷ್ಟಾಯ್ತೇ?"

ವಸುಧಾಳ ಕೈಯಿಂದ ಹತ್ತಿ ಜಾರಿಬಿತ್ತು. "ಎರಡೂವರೆ, ಅತ್ತೆ."

"ಮುಂಬಾಗಿಲಿಗೆ ಚಿಲಕ ಹಾಕ್ಬಿಟ್ಟು ಗಟ್ಟಿ ಡಿಕಾಕ್ಷನ್ನಿನ ಕಾಫಿ ಮಾಡ್ಕೊಂಡು ಬಾ. ನೀನು ಆರು ತಿಂಗಳು ತೌರಲ್ಲಿ ಹಾಯಾಗಿರು. ನಾನು ಹ್ಯಾಗಾದ್ರೂ ಮೂರು ಗಂಟೆ ದಾಟಿಸ್ತೀನಿ."