ಮಚ್ಛೆಯ ಮೋರಿ

ದೇಸೂರು ದಾಟಿ, ಇನ್ನೇನು ಮಚ್ಛೆ ಬಂತು ಅನ್ನುವಾಗ ಗುರುಪುತ್ರಪ್ಪ ಓಡುವುದನ್ನು ಬಿಟ್ಟು ರಸ್ತೆ ಬದಿಯ ಮೋರಿಯ ಕಟ್ಟೆ ಮೇಲೆ ಕುಳಿತುಬಿಟ್ಟ. ಪಕ್ಕದ ಹೆಜ್ಜೆ ಸಪ್ಪಳ ನಿಂತದ್ದು ಕೇಳಿ ಹೆಂಡತಿ ರೇಣವ್ವ ತಿರುಗಿ ನೋಡಿದಳು. ಅವರ ಹಿಂದೆ ಯಾರೂ ಇರಲಿಲ್ಲ. ಖಾನಾಪುರದಿಂದ ಜೊತೆಗೆ ಹೊರಟ ಕಾಲೇಜು ಹುಡುಗರು, ಪೊಲೀಸರು, ಮಾಸ್ತರರು ಎಲ್ಲ ಇಷ್ಟೊತ್ತಿಗೆ ಬೆಳಗಾವಿ ಮುಟ್ಟಿರಬೇಕು.

ಖಾನಾಪುರದ ದವಾಖಾನೆಗೊಂದು ಆ್ಯಂಬುಲೆನ್ಸ್ ಬೇಕೆಂದು ಡಾಕ್ಟರಬಾಯಿ ಈ ಓಟ ಇಟ್ಟಿದ್ದರು. ಓಡುವವರ ಸೊಂಟಕ್ಕೊಂದು ಡಬ್ಬಿ; ದಾರಿಯ ಊರಿನವರು ಕೈಲಾದದ್ದು ಹಾಕಬೇಕು. ಹಂಚಿನ ಕಾರ್ಖಾನೆಯಿಂದ ಹೆಸರು ಕೊಟ್ಟವರು ಈ ಗಂಡ ಹೆಂಡತಿ ಇಬ್ಬರೇ. ಕೊಟ್ಟವಳು ರೇಣವ್ವ, ಗಂಡನನ್ನು ಕೇಳದೆ. "ಕಚ್ಚಿ ಹಾಕ್ಕೊಂಡು ಓಡತಿ? ಮಂದಿ ನಗತಾರ" ಅಂದಿದ್ದ ಅವನು. "ನಗಲಿ. ನಕ್ಕವರೂ ಡಬ್ಬಿಗೆ ಹಾಕತಾರ" ಅಂದಿದ್ದಳು. ಹಾಗೇ ಆಯಿತು. ಗಣೆಬೈಲದಲ್ಲಿ ಸಿಳ್ಳೆ ಹೊಡೆದವರೇ ಡಬ್ಬಿಗೂ ಹಾಕಿದರು. ಮುದುಕಿಯೊಬ್ಬಳು ಮರಾಠಿಯಲ್ಲಿ ಹರಸಿ ತಂಬಿಗೆ ನೀರು ಕೊಟ್ಟಳು.

"ಏನಾತ್ರಿ? ಮಣಕಾಲ ಹಿಡೀತೇನು?"

"ಇಲ್ಲ. ನೀ ನಡಿ. ನಾ ಹಿಂದಿನ ಬಸ್ಸಿಗೆ ಬರತೀನಿ."

ಬಸ್ಸು ಅಂದದ್ದೇ ರೇಣವ್ವನಿಗೆ ಏನೋ ಹೊಳೆಯಿತು. ಬೆಳಗಾವಿ ಸಂತೆಗೆ ಹೋಗುವಾಗಲೆಲ್ಲ ಇಲ್ಲಿಗೆ ಬರುತ್ತಲೇ ಇವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನಿದ್ದೆ ಬಂದಿದೆ ಅಂದುಕೊಳ್ಳುತ್ತಿದ್ದಳು. ಅವಳು ಮೋರಿಯನ್ನು ನೋಡಿದಳು, ಅವನ ಮುಖ ನೋಡಿದಳು.

"ಇದ ಏನ್ರಿ ಆ ಜಾಗಾ?"

ಅವನು ಹೌದೆಂದು ತಲೆಯಾಡಿಸಿದ.

ಮದುವೆಯಾದ ಮರುವರ್ಷ, ಬಸ್ಸುಗಳು ಬಂದ್ ಇದ್ದ ದಿನವೇ ಅವಳಿಗೆ ಹೆರಿಗೆ ನೋವು ಎದ್ದಿತ್ತು. ಖಾನಾಪುರದಲ್ಲಿ ಆಗುವುದಿಲ್ಲ, ಬೆಳಗಾವಿಗೆ ಒಯ್ಯಿರಿ ಅಂದರು. ಎತ್ತಿನ ಬಂಡಿ ಹೂಡಿದರು. ಅವಳಿಗೆ ನೆನಪಿರುವುದು ಎತ್ತಿನ ಕೊರಳಗಂಟೆ, ಜೀವ ಹಿಂಡುವ ನೋವು, ಆಮೇಲೆ ಕತ್ತಲೆ. ಆ ಕತ್ತಲೆಯೊಳಗೆ ಒಂದು ಕೂಸಿನ ಅಳು. ಕಣ್ಣು ಬಿಟ್ಟಾಗ ಬೆಳಗಾವಿಯ ಆಸ್ಪತ್ರೆಯಲ್ಲಿದ್ದಳು. ಮಚ್ಛೆಯ ಹತ್ತಿರ ದಾರಿಯಲ್ಲೇ ಹೆರಿಗೆಯಾಯಿತು, ಹೆಣ್ಣುಕೂಸು, ಹುಟ್ಟುವಾಗಲೇ ಜೀವ ಇರಲಿಲ್ಲ ಅಂದರು. ಅತ್ತದ್ದು ಕೇಳಿದೆ ಅಂದರೆ, ಜ್ವರದ ಭ್ರಮೆ ಅಂದರು. ಗಂಡನೂ ಹಾಗೇ ಅಂದ. ಕೊನೆಗೆ ಅವಳೂ ಅನ್ನುವುದನ್ನು ಬಿಟ್ಟಳು. ಕೇಳುವುದು ಮಾತ್ರ ನಿಂತಿರಲಿಲ್ಲ.

"ಖರೇ ಹೇಳ್ರಿ. ಅತ್ತಿತ್ತೇನು?"

ಹಂಚು ತುಂಬಿದ ಲಾರಿಯೊಂದು ಧೂಳೆಬ್ಬಿಸಿಕೊಂಡು ಹಾದುಹೋಯಿತು. ಧೂಳು ಕೂತ ಮೇಲೆ ಅವನು ಬಾಯಿ ಬಿಟ್ಟ.

"ಅತ್ತಿತ್ತು. ಭಾಳ ಹೊತ್ತು ಅತ್ತಿತ್ತು. ಈ ಕಡೆ ನೀ ರಕ್ತದಾಗ ಬಿದ್ದಿದ್ದಿ. ಕೂಸಿನ್ನ ಎತ್ಕೊಂಡು ಬೆಳಗಾಂವಿಗೆ ಓಡ್ಲೋ, ನಿನ್ನ ಬಾಜು ಕುಂದರ್ಲೋ ತಿಳೀಲಿಲ್ಲ. ಸಾಲಿಯಾಗ ಓಟದಾಗ ನನ್ನ ಹಿಂದ ಹಾಕಿದವರಿಲ್ಲ, ರೇಣವ್ವಾ. ಆವತ್ತ ಕಾಲ ಏಳಲಿಲ್ಲ. ಒಂದ ಲಾರಿ ನಿಲ್ಲೂದರಾಗ ಕೂಸು ಸುಮ್ಮನಾತು."

ರೇಣವ್ವನಿಗೆ ಅವನನ್ನು ಬಡಿಯಬೇಕು ಅನ್ನಿಸಿತು. ಇಷ್ಟು ವರ್ಷ ತನ್ನನ್ನು ಹುಚ್ಚಿ ಮಾಡಿದನಲ್ಲ! ಕೈ ಎತ್ತಿಯೂಬಿಟ್ಟಳು. ಎತ್ತಿದ ಕೈ ಅವನ ಹೆಗಲ ಮೇಲೆ ಬಿತ್ತು, ಅಲ್ಲೇ ಉಳಿಯಿತು. ಅವನ ಪಕ್ಕದಲ್ಲಿ ಕುಸಿದು ಕುಳಿತು, ಸೈಕಲ್ಲಿನವರು ತಿರುಗಿ ನೋಡುವಂತೆ ಗಟ್ಟಿಯಾಗಿ ಅತ್ತಳು. ಅಳುತ್ತಿರುವಾಗಲೇ ಎದೆಯೊಳಗಿನ ಒಂದು ಭಾರ ಜಾರಿದಂತಾಯಿತು. ಅವಳಿಗೆ ಹುಚ್ಚು ಹಿಡಿದಿರಲಿಲ್ಲ. ಮಗಳು ಇದ್ದಳು. ಇದೇ ಗಾಳಿ ಕುಡಿದು, ಗಂಟಲು ತೆರೆದು, ತಾಯಿಯನ್ನು ಕೂಗಿದ್ದಳು.

"ನನಗ ಹೇಳಬೇಕಿತ್ತು ನೀವು."

"ಹೇಳಿದ್ರ ನೀ ಉಳೀತಿದ್ದಿಲ್ಲ."

"ಹೇಳಿದ್ರ ಉಳೀತಿದ್ನಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಆವತ್ತ ನನ್ನ ಬಿಟ್ಟು ಓಡಿದ್ರ ನಾ ಉಳೀತಿದ್ದಿಲ್ಲ. ಇದನ್ನ ನಿಮಗ ಯಾರರೆ ಹೇಳ್ಯಾರೇನು?"

ಯಾರೂ ಹೇಳಿರಲಿಲ್ಲ. ಬಿಸಿಲು ಮೋರಿಯ ಕಲ್ಲಿಗೆ ಬಂದಿತ್ತು. ರೇಣವ್ವ ಎದ್ದು ಕಚ್ಚೆ ಬಿಗಿದುಕೊಂಡು ಕೈ ಚಾಚಿದಳು.

"ಏಳ್ರಿ. ನಾ ಒಬ್ಬಾಕೀನ ಹೋಗಾಂಗಿಲ್ಲ."

ಪೀರನವಾಡಿಯ ತನಕ ಇಬ್ಬರೂ ನಡೆದರು. ಅಲ್ಲಿಂದ ಮುಂದೆ ಗುರುಪುತ್ರಪ್ಪನೇ ಮೊದಲು ಓಡತೊಡಗಿದ. ಟಿಳಕವಾಡಿ ಮುಟ್ಟುವ ಹೊತ್ತಿಗೆ ಹಾರ ಹಾಕುವವರೆಲ್ಲ ಹೋಗಿ, ಪೆಂಡಾಲಿನ ಬಟ್ಟೆ ಬಿಚ್ಚುತ್ತಿದ್ದರು. ಡಾಕ್ಟರಬಾಯಿ ಮಾತ್ರ ಇವರಿಗಾಗಿ ಕಾದಿದ್ದರು. ಇಬ್ಬರ ಕೆಂಪು ಕಣ್ಣು ನೋಡಿ ಏನೂ ಕೇಳಲಿಲ್ಲ. ಡಬ್ಬಿ ತೆಗೆದುಕೊಂಡು ಮಜ್ಜಿಗೆ ಕೊಟ್ಟರು.

ಯುಗಾದಿ ಮುಗಿದು ಸ್ವಲ್ಪ ದಿನಕ್ಕೆ ಖಾನಾಪುರಕ್ಕೆ ಬಿಳಿ ಗಾಡಿ ಬಂತು. ಮೊದಲ ಸಲ ಅದು ಕಾಡಂಚಿನ ಹಳ್ಳಿಯೊಂದರ ಬಸುರಿಯನ್ನು ಹೊತ್ತು, ಗಂಟೆ ಬಾರಿಸುತ್ತ ಕಾರ್ಖಾನೆಯ ಮುಂದೆ ಹಾಯುವಾಗ ರೇಣವ್ವ ತಲೆಯ ಮೇಲಿನ ಹಂಚು ಇಳಿಸಿ ರಸ್ತೆಗೆ ಬಂದಳು. ಗುರುಪುತ್ರಪ್ಪ ಭಟ್ಟಿಯ ಕಡೆಯಿಂದ ಅವಳಿಗಿಂತ ಮೊದಲೇ ಬಂದು ನಿಂತಿದ್ದ. ಗಾಡಿ ಬೆಳಗಾವಿಯ ಕಡೆಗೆ ಹೊರಳಿ ವೇಗ ಹಿಡಿಯಿತು. ನಾಲ್ಕು ಮಂದಿ ನೋಡಿದರೆ ನಾಚುವ ಆ ಮನುಷ್ಯ, ಇಡೀ ಕಾರ್ಖಾನೆ ನೋಡುತ್ತಿರುವಾಗ, ಮಣ್ಣುಗೈಗಳನ್ನು ಬಾಯಿಗೆ ಹಿಡಿದು ಅದರ ಹಿಂದೆ ಕೂಗಿದ:

"ಓಡ ಮಗಳ, ಓಡ!"