ಸತ್ತ ಮಂಗನ ಕಾವಲು

ಓದಿ ಮುಗಿಸಿ, ಕೈಮುಗಿಯುವ ಎಮೋಜಿ ಹಾಕಿ ಸುಮ್ಮನಾಗುವುದಾದರೆ ದಯವಿಟ್ಟು ಇದನ್ನು ಓದಲೇಬೇಡಿ...

ಕಾಡಂಚಿನ ಒಂದು ಊರು. ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಬೆಳಿಗ್ಗೆ ಒಂದು ಮಂಗ ಸತ್ತು ಬಿದ್ದಿತ್ತು.

ಮೊದಲು ಕಂಡವಳು ಹುಚ್ಚಮ್ಮ. ಕಾಡಿನ ಒಣಗಿದ ಎಲೆ ಗುಡಿಸಿ ತಂದು ಮಾರುವ ಹೆಂಗಸು.

ಪಂಚಾಯ್ತಿ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿದೆ... "ಮಂಗನ ಕಾಯಿಲೆ: ಸತ್ತ ಮಂಗ ಕಂಡರೆ ಮುಟ್ಟಬೇಡಿ. ಕೂಡಲೇ ತಿಳಿಸಿ."

ತಿಳಿಸಿದಳು.

ಆಸ್ಪತ್ರೆಯವರು, "ಅದು ಫಾರೆಸ್ಟ್‌ನೋರಿಗೆ ಬರತ್ತಮ್ಮ" ಎಂದರು. ಫಾರೆಸ್ಟ್‌ನವರು, "ರಸ್ತೆ ನಮ್ಮ ಲಿಮಿಟ್ ಅಲ್ಲ, ದನದ ಡಾಕ್ಟ್ರಿಗೆ ಹೇಳಿ" ಎಂದರು. ದನದ ಡಾಕ್ಟರು, "ಮನುಷ್ಯರ ಜ್ವರ ಅಲ್ವಾ? ಆಸ್ಪತ್ರೆಗೆ ಫೋನ್ ಮಾಡಿ" ಎಂದರು.

ಒಂದು ಮಂಗಕ್ಕೆ ಮೂರು ಇಲಾಖೆ... ಬರುವವರು ಯಾರೂ ಇಲ್ಲ.

ಅಷ್ಟರಲ್ಲಿ ಊರಿನವರು ಚಟ್ಟ ಕಟ್ಟಿಕೊಂಡು ಬಂದರು. ಅರಿಶಿನದ ನೀರು, ಹೂವಿನ ಹಾರ, ಭಜನೆಯ ತಾಳ.

ಮಂಗ ಸತ್ತರೆ ಹನುಮಂತನೆಂದು ಮೀಯಿಸಿ, ಹೆಗಲ ಮೇಲೆ ಹೊತ್ತು ಮಣ್ಣು ಮಾಡುವುದು ಅಲ್ಲಿನ ಪದ್ಧತಿ.

ಹುಚ್ಚಮ್ಮ ಅಡ್ಡ ನಿಂತಳು.

"ಸರಿ ಆಚೆಗೆ. ದೇವ್ರನ್ನ ನಾಯಿ ಎಳಿಯಕ್ಕೆ ಬಿಡ್ಬೇಕಾ?" ಭಜನೆಯ ಹಿರಿಯ ಕೆರಿಯಪ್ಪಜ್ಜ ಗದರಿದರು.

"ಹೋದ್ ವರ್ಷ ನೀವೂ ನಮ್ಮನೆಯೋರೂ ಸೇರಿ ಹೊತ್ರಲ್ಲ ಅಜ್ಜ, ದೇವ್ರನ್ನ. ಅದ್ರ ಮೈಮೇಲಿನ ಉಣುಗು ಹುಳ ಇವ್ರಿಗೆ ಹತ್ತಿ ಕಚ್ತು. ಜ್ವರ... ಮೂಗಲ್ಲಿ ರಕ್ತ... ಆಮೇಲೆ ಇವ್ರನ್ನೂ ನೀವೇ ಹೊತ್ರಿ."

ತಾಳ ನಿಂತಿತು.

"ಈ ಸಲ ಯಾರ ಮನೆ ಅಂತ ಹೇಳ್ಬಿಟ್ಟು ಮುಟ್ಟಿ."

ಅಜ್ಜ ಚಟ್ಟದ ಬಿದಿರು ಬಿಚ್ಚಿ, ದಾರಿಗೆ ಅಡ್ಡಲಾಗಿ ಕಟ್ಟಿದರು. ಮಂಗನಿಂದ ಅಷ್ಟು ದೂರದಲ್ಲಿ ಜಮಖಾನ ಹಾಸಿ ಕೂತರು.

"ಇಲ್ಲಿಂದ್ಲೇ ಹಾಡಾಣ. ನಾವು ಎದ್ದು ಹೋದ್ರೆ ಇನ್ಯಾರಾದ್ರೂ ಮುಟ್ತಾರೆ... ಇವತ್ತಿನ ಭಜನೆ ಪುಟ್ಟಪ್ಪನ ಹೆಸ್ರಲ್ಲಿ."

ಪುಟ್ಟಪ್ಪ ಹುಚ್ಚಮ್ಮನ ಗಂಡ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು...

ಶಾಲೆಯ ಮಕ್ಕಳು ಗದ್ದೆಯ ಬದುವಿನ ಮೇಲೆ ಸುತ್ತಿ ಹೋದರು. ಯಾರಿಗೂ ಉಣುಗು ಹತ್ತಲಿಲ್ಲ.

ಹೊತ್ತು ಮುಳುಗುವಾಗ ಸರ್ಕಾರಿ ಜೀಪು ಬಂತು. ಮೊದಲು ಇಳಿದದ್ದು ಬ್ಯಾನರ್. ಫೋಟೋ ಆಯಿತು. ಉಣುಗು ಸಾಯಿಸುವ ಪುಡಿ? "ಸ್ಟಾಕ್ ಇಲ್ಲ, ನಾಳೆ ಬರತ್ತೆ."

ಬಂದ ಸಾಹೇಬರು ಹಾರ, ತಾಳ ನೋಡಿ ನಕ್ಕರು. "ಈ ಮೂಢನಂಬಿಕೆ ಎಲ್ಲ ಯಾವಾಗ ಬಿಡ್ತೀರಪ್ಪ ನೀವು?"

"ನಮ್ದು ಬೆಳಿಗ್ಗೆನೇ ಬಿಟ್ವಿ ಸ್ವಾಮಿ" ಎಂದರು ಅಜ್ಜ. "'ಇದು ನಮ್ಗೆ ಬರಲ್ಲ, ಅವ್ರಿಗೆ ಬರತ್ತೆ' ಅಂತೀರಲ್ಲ... ನಿಮ್ದು ಯಾವಾಗ ಬಿಡ್ತೀರಿ?"

ಜೀಪು ಹೋಯಿತು, ಮಂಗ ಅಲ್ಲೇ ಉಳಿಯಿತು. ಪುಡಿ ಬರುವವರೆಗೆ ಆ ಜಮಖಾನ ಎತ್ತಲಿಲ್ಲ...

ಜೀವ ತೆಗೆಯುವ ಮೂಢನಂಬಿಕೆ ಗುಡಿಯಲ್ಲಿ ಮಾತ್ರ ಇಲ್ಲ, ಕಚೇರಿಯಲ್ಲೂ ಇದೆ.

ನಿಮ್ಮೂರಿನ ಗೋಡೆಯ ಮೇಲೂ "ಕೂಡಲೇ ತಿಳಿಸಿ" ಎಂದು ಬರೆದಿರುತ್ತದಲ್ಲ... ತಿಳಿಸಿದರೆ ಬರುವವರು ಯಾರು ಎಂದು ಒಮ್ಮೆಯಾದರೂ ಕೇಳಿದ್ದೀರಾ?